ಅತ್ತೆ ಕಾಶಿಯಲ್ಲಿ ಬಿಟ್ಟ ಸೊಸೆಯ ಕಾಫಿ

ಅಂಬುಜಾಳಿಗೆ ಜೀವನದಲ್ಲಿ ಬೇಕಾಗಿದ್ದದ್ದು ಎರಡೇ: ಬೆಳಗ್ಗೆ ಎದ್ದ ಕೂಡಲೇ ಒಂದು ಲೋಟ ಗಟ್ಟಿ ಕಾಫಿ, ಆಫೀಸಿನಲ್ಲಿ ಕೈ ಇರುವ ಒಂದು ಕುರ್ಚಿ. ಮೊದಲನೆಯದು ಬುದ್ಧಿ ತಿಳಿದಾಗಿನಿಂದ ಸಿಕ್ಕುತ್ತಲೇ ಇತ್ತು. ಎರಡನೆಯದಕ್ಕೂ ಅವಳಿಗೂ ನಡುವೆ ಎಸ್.ಎ.ಎಸ್. ಎಂಬ ಪರೀಕ್ಷೆ ಅಡ್ಡ ಮಲಗಿತ್ತು.

ಅವಳು ಕೆಲಸ ಮಾಡುತ್ತಿದ್ದದ್ದು ಏಜೀಸ್ ಆಫೀಸಿನಲ್ಲಿ. ಇಡೀ ರಾಜ್ಯ ಸರ್ಕಾರದ ಲೆಕ್ಕ ನೋಡುವ ಆ ದೊಡ್ಡ ಕಚೇರಿಯಲ್ಲಿ ಗುಮಾಸ್ತರ ಕುರ್ಚಿಗಳಿಗೆ ಕೈಗಳಿರಲಿಲ್ಲ. ಎಸ್.ಎ.ಎಸ್. ಪಾಸು ಮಾಡಿ ಸೆಕ್ಷನ್ ಆಫೀಸರ್ ಆದವರ ಕುರ್ಚಿಗೆ ಮಾತ್ರ ಎರಡು ಕೈ. ಮಧ್ಯಾಹ್ನ ಊಟವಾದ ಮೇಲೆ ಆ ಕೈಯ ಮೇಲೆ ಮೊಣಕೈ ಊರಿ, ಗಲ್ಲಕ್ಕೆ ಅಂಗೈ ಕೊಟ್ಟು ಕಣ್ಣು ಮುಚ್ಚಿದರೆ ಎದುರಿಗಿದ್ದವರು ಸಾಹೇಬರು ಯೋಚನೆ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಕೈ ಇಲ್ಲದ ಕುರ್ಚಿಯಲ್ಲಿ ಅದೇ ಕೆಲಸ ಮಾಡಿದರೆ ಗುಮಾಸ್ತೆ ನಿದ್ದೆ ಹೋಗಿದ್ದಾಳೆ ಎನ್ನುತ್ತಾರೆ. ಈ ಅನ್ಯಾಯವನ್ನು ಅಂಬುಜಾ ವರ್ಷಗಟ್ಟಲೆ ನೋಡಿ ಹೊಟ್ಟೆ ಉರಿಸಿಕೊಂಡಿದ್ದಳು.

ಆ ಪರೀಕ್ಷೆಯೋ, ಇಟ್ಟಿಗೆಯಂಥ ಪುಸ್ತಕಗಳ ಪರೀಕ್ಷೆ. ಯಾರಿಗೆ ಎಷ್ಟು ರಜೆ, ಯಾವ ಪ್ರಯಾಣಕ್ಕೆ ಎಷ್ಟು ಭತ್ಯೆ, ಸತ್ತರೆ ಏನು, ಬದುಕಿದ್ದರೆ ಏನು, ಎಲ್ಲಕ್ಕೂ ರೂಲು. ಪ್ರತಿ ರೂಲಿಗೆ ಒಂದು ವಿನಾಯಿತಿ. ಆ ವಿನಾಯಿತಿಗೆ ಇನ್ನೊಂದು ಟಿಪ್ಪಣಿ. ಅಂಬುಜಾ ಆಗಲೇ ಎರಡು ಸಲ ಡುಮ್ಕಿ ಹೊಡೆದಿದ್ದಳು. ಅವಳ ಪಾಲಿಗೆ ಉಳಿದಿದ್ದದ್ದು ಒಂದೇ ಅವಕಾಶ, ೧೯೭೪ರ ಕಾರ್ತಿಕ ಮಾಸದ್ದು. ಅದೂ ಹೋದರೆ ನಿವೃತ್ತಿಯವರೆಗೂ ಕೈ ಇಲ್ಲದ ಕುರ್ಚಿಯೇ ಗತಿ.

ಹೀಗಿರುವಾಗ ಅವಳ ಅತ್ತೆ ಸತ್ಯವತಮ್ಮ ರಾಜಾಜಿನಗರದ ಭಜನೆ ಮಂಡಳಿಯವರ ಜೊತೆ ಕಾಶಿಗೆ ಹೋಗಿ ಬಂದರು.

ಬಂದವರು ಗಂಗೆಯ ತಂಬಿಗೆಯನ್ನು ದೇವರ ಮುಂದಿಟ್ಟು, ಮಗನ ಕೈಗೆ ಸೊಸೆಯ ಕೈಗೆ ಕಾಶಿದಾರ ಕಟ್ಟಿ, ಕಾಲು ಚಾಚಿ ಕೂತು, ಸೊಸೆ ತಂದುಕೊಟ್ಟ ಕಾಫಿಯನ್ನು ಒಂದು ಗುಟುಕೂ ಬಿಡದಂತೆ ಕುಡಿದು, ಲೋಟ ಕೆಳಗಿಟ್ಟು ಹೇಳಿದರು:

"ಕಾಶೀಲಿ ಕಾಫಿ ಬಿಟ್ಟುಬಂದೆ ಕಣೇ ಅಂಬುಜಾ."

ಅಂಬುಜಾ ಖಾಲಿ ಲೋಟದ ಕಡೆ ನೋಡಿದಳು. "ಈಗ ತಾನೇ ಕುಡಿದ್ರಲ್ಲ ಅತ್ತೆ?"

"ನಂದಲ್ವೇ. ನಿಂದು."

ಕಾಶಿಗೆ ಹೋದವರು ಅಲ್ಲಿ ಒಂದು ಹಣ್ಣು, ಒಂದು ತರಕಾರಿ, ಮನಸ್ಸಿಗೆ ಪ್ರಿಯವಾದ ಒಂದು ವಸ್ತುವನ್ನು ಬಿಟ್ಟು ಬರುವುದು ನಮ್ಮವರ ಪದ್ಧತಿ. ಬಿಟ್ಟದ್ದನ್ನು ಸಾಯುವವರೆಗೂ ಮುಟ್ಟುವಂತಿಲ್ಲ. ಸತ್ಯವತಮ್ಮ ಬುದ್ಧಿವಂತೆ. ಹಲ್ಲಿನಲ್ಲಿ ಕಚ್ಚಲಾಗದ ಸೀಬೆಹಣ್ಣನ್ನು ಮೊದಲು ಬಿಟ್ಟರು. ಜನ್ಮದಲ್ಲಿ ಕಂಡರಾಗದ ಸೀಮೆಬದನೆಕಾಯಿಯನ್ನು ಆಮೇಲೆ ಬಿಟ್ಟರು. ಮೂರನೆಯದಕ್ಕೆ ಬಂದಾಗ ಸಂಕಲ್ಪ ಮಾಡಿಸುತ್ತಿದ್ದ ಕಾಶಿಯ ಪಂಡ ತಡೆದ. ದಕ್ಷಿಣದ ಯಾತ್ರಿಕರನ್ನು ತಲೆಮಾರುಗಳಿಂದ ನೋಡಿದ್ದ ಮನೆತನದವನು ಅವನು, ಸೊಂಟದಷ್ಟು ನೀರಿನಲ್ಲಿ ನಿಂತಿದ್ದ ಈ ಮುದುಕಿಯ ಮುಖ ನೋಡಿ, "ಕಾಫಿ?" ಎಂದು ಬೆರಳು ತೋರಿಸಿ ಕೇಳಿದ. ಸತ್ಯವತಮ್ಮನವರಿಗೆ ಗಂಗೆಯಲ್ಲಿ ನಿಂತೇ ಬೆವರು ಕಿತ್ತುಕೊಂಡು ಬಂತು. ಕಾಫಿ ಇಲ್ಲದ ಮಿಕ್ಕ ಆಯುಷ್ಯವೆಲ್ಲ ಕಣ್ಣಮುಂದೆ ಬಂದು ನಿಂತಿತು. ಆಗ ವಿಶ್ವನಾಥನೇ ಬುದ್ಧಿ ಕೊಟ್ಟಂತೆ ಬಾಯಿಂದ ಬಂದ ಮಾತು, "ನಮ್ಮ ಸೊಸೆ ಕಾಫಿ. ಅವಳು ಪರೀಕ್ಷೆ ಪಾಸಾಗಲಿ." ಪಂಡನಿಗೆ ಅರ್ಥವಾದದ್ದು ಕಾಫಿ ಎಂಬ ಒಂದೇ ಶಬ್ದ. ಅವನು ಮಂತ್ರ ಹೇಳಿ ನೀರು ಬಿಡಿಸಿಬಿಟ್ಟ.

"ನನ್ನ ಕಾಫೀನ ನೀವು ಹೇಗೆ ಬಿಡ್ತೀರಿ ಅತ್ತೆ?" ಎಂದಳು ಅಂಬುಜಾ.

"ಬಿಟ್ಟಾಯ್ತಲ್ಲ. ನೀನು ಪಾಸಾಗ್ಲಿ ಅಂತ ತಾನೇ ಬೇಡ್ಕೊಂಡಿದ್ದು? ಲಾಭ ನಿಂದು, ಖರ್ಚು ನಂದಾ?"

ಅಂಬುಜಾ ಗಂಡನ ಕಡೆ ತಿರುಗಿದಳು. ಜಗನ್ನಾಥ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್. ಕೆಳಗಿನ ನಲವತ್ತು ಜನರನ್ನು ಗದರಿಸಿ ಕೆಲಸ ಮಾಡಿಸುತ್ತಿದ್ದ ಧೀರ. ಮನೆಯಲ್ಲಿ ಹೆಂಡತಿಯೂ ತಾಯಿಯೂ ಒಂದೇ ಸಲ ತನ್ನ ಮುಖ ನೋಡಿದರೆ ಅವನಿಗೆ ಗುಲಾಬಿ ಗಿಡದ ನೆನಪಾಗುತ್ತಿತ್ತು.

"ಗಿಡಕ್ಕೆ ನೀರು ಹಾಕಿಲ್ಲ, ಬಂದೆ," ಎಂದು ಅವನು ಹೊರಗೆ ಹೋದ. ಹೊರಗೆ ಮಳೆ ಹುಯ್ಯುತ್ತಿತ್ತು.

ಮಾರನೇ ದಿನ ಆಫೀಸಿನಲ್ಲಿ ಅಂಬುಜಾ ಪಕ್ಕದ ಮೇಜಿನ ವೆಂಕಟಗಿರಿಯ ಮುಂದೆ ಕಷ್ಟ ಹೇಳಿಕೊಂಡಳು. ವೆಂಕಟಗಿರಿ ಎಸ್.ಎ.ಎಸ್. ವಿಷಯದಲ್ಲಿ ಆ ಸೆಕ್ಷನ್ನಿಗೇ ಗುರು. ಪಾಸಾಗಿರಲಿಲ್ಲ, ಆದರೆ ಅಷ್ಟು ಸಲ ಫೇಲಾದ ಅನುಭವ ಬೇರೆ ಯಾರಿಗೂ ಇರಲಿಲ್ಲ. ಮೂರು ಸಲದ ಮಿತಿ ಬರುವ ಮುಂಚೆಯೇ ಸೇರಿದ್ದ ಅವನಿಗೆ ಅದರಿಂದ ವಿನಾಯಿತಿ ಇತ್ತು.

"ಮೇಡಂ, ಕಾಫಿ ಇಲ್ದೆ ಎಸ್.ಎ.ಎಸ್. ಪಾಸ್ ಮಾಡಿದೋರು ಇನ್ನೂ ಹುಟ್ಟಿಲ್ಲ," ಎಂದು ಅವನು ತೀರ್ಪು ಕೊಟ್ಟ. "ಮನೇಲಿ ಬಿಟ್ಬಿಡಿ. ಕ್ಯಾಂಟೀನಲ್ಲಿ ಕುಡೀರಿ. ಕಾಶಿ ಎಲ್ಲಿ, ಕ್ಯಾಂಟೀನ್ ಎಲ್ಲಿ!"

ಇದು ಒಪ್ಪುವಂಥ ಮಾತೇ. ಅಂಬುಜಾ ಕ್ಯಾಂಟೀನಿಗೆ ಹೋಗಿ ಕಾಫಿ ತರಿಸಿದಳು. ನೊರೆ ನೋಡಿದಳು, ಮೂಸಿದಳು, ಒಂದು ಗುಟುಕು ಕುಡಿದಳು. ಎರಡನೇ ಗುಟುಕಿಗೆ ಒಂದು ಯೋಚನೆ ಬಂದು ಗಂಟಲಲ್ಲಿ ನಿಂತಿತು: ಫೇಲಾದರೆ? ಈ ಒಂದು ಕಪ್ಪಿನ ದೆಸೆಯಿಂದಲೇ ಫೇಲಾಯಿತು ಎಂದು ಅನ್ನಿಸಿದರೆ? ಅವಳು ಹರಕೆ ಗಿರಕೆ ನಂಬುವವಳಲ್ಲ. ಬಿ.ಎಸ್ಸಿ. ಓದಿದವಳು. ಆದರೆ ಕೊನೆಯ ಅವಕಾಶದ ಪರೀಕ್ಷೆ ಕಣ್ಣೆದುರಿಗಿರುವಾಗ ಬಿ.ಎಸ್ಸಿ. ಎಷ್ಟು ಹೊತ್ತು ತಡೆದೀತು? ಅವಳು ಲೋಟವನ್ನು ಮೆಲ್ಲಗೆ ದೂರ ತಳ್ಳಿ ಎದ್ದುಬಂದಳು. ಮಿಕ್ಕದ್ದನ್ನು ವೆಂಕಟಗಿರಿ ಕುಡಿದ.

ಅಲ್ಲಿಂದ ಶುರುವಾಯಿತು ನೋಡಿ ಅವಳ ಗೋಳು. ಮೊದಲ ವಾರ ತಲೆನೋವು ಎಂದರೆ ತಲೆನೋವು. ಒನಕೆಯಲ್ಲಿ ಕುಟ್ಟಿದ ಹಾಗೆ. ತಲೆನೋವು ಹೋದ ಮೇಲೆ ನಿದ್ದೆ ಬಂತು. ಅವಳು ಓದುತ್ತಿದ್ದದ್ದು ಬೆಳಗಿನ ಜಾವ ಮತ್ತು ಆಫೀಸಿನಿಂದ ಬಂದ ಮೇಲೆ ಸಂಜೆ. ಎರಡು ಹೊತ್ತೂ ಪುಸ್ತಕ ತೆರೆಯುವುದೇ ತಡ, ಕಣ್ಣು ಮುಚ್ಚುತ್ತಿತ್ತು. ಸತ್ಯವತಮ್ಮ ತಾವೇ ತಂದ ಕಷ್ಟಕ್ಕೆ ತಾವೇ ಔಷಧಿ ಎಂದು ಕೊತ್ತಂಬರಿ ಜೀರಿಗೆ ಕುಟ್ಟಿ, ಬೆಲ್ಲ ಹಾಲು ಹಾಕಿ ಬಿಸಿಬಿಸಿ ಕಷಾಯ ಮಾಡಿಕೊಟ್ಟರು. ಅದನ್ನು ಕುಡಿದ ಮೇಲೆ ನಿದ್ದೆ ಇನ್ನೂ ಸೊಗಸಾಗಿ ಬಂತು.

ಜಗನ್ನಾಥನಿಗೆ ಯಂತ್ರಗಳ ಸ್ವಭಾವ ಗೊತ್ತಿತ್ತು. "ಬಕೆಟ್ಟಲ್ಲಿ ತಣ್ಣೀರು ತುಂಬಿ ಕಾಲಿಟ್ಕೊಂಡು ಓದು ಅಂಬು. ನಾವು ಮಷೀನ್ ಬಿಸಿಯಾದ್ರೆ ಹಂಗೇ ಮಾಡೋದು," ಎಂದ. ಸರಿ, ಬೆಳಗಿನ ಜಾವ ಬಕೆಟ್ಟಿನಲ್ಲಿ ಕಾಲು, ತೊಡೆಯ ಮೇಲೆ ಸೇವಾ ನಿಯಮಗಳು. ಚಳಿಗೆ ಹಲ್ಲು ಕಟಕಟ ಎಂದವು. ನಿದ್ದೆ ಮಾತ್ರ ಹೇಳಿದ ಸಮಯಕ್ಕೆ ಬಂತು. ಪುಸ್ತಕ ದುಡುಂ ಎಂದು ಬಕೆಟ್ಟಿಗೆ ಬಿತ್ತು.

ಅಂದು ಭಾನುವಾರ. ಅತ್ತೆ ಸೊಸೆ ಇಬ್ಬರೂ ಕೂತು ಒದ್ದೆ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಮಹಡಿಯ ಮೇಲೆ ಹಳೇ ಪಂಚೆ ಹಾಸಿ ಹರಡಿದರು. ಹಾಲಿನ ಲಿಂಗಮ್ಮ ಬ್ಯಾಡರಹಳ್ಳಿಯಿಂದ ಮೊದಲ ಬಸ್ಸಿನಲ್ಲಿ ಬರುವವಳು. ಕ್ಯಾನು ಕಂಕುಳಲ್ಲಿ ಇಟ್ಟುಕೊಂಡು ತಲೆಯೆತ್ತಿ ನೋಡಿದಳು.

"ಈ ಸಲ ಹಪ್ಪಳ ಬಾಳ ತೆಳ್ಳಗ್ ಒತ್ತಿದೀರಲ್ಲ ಅಮ್ಮಾವ್ರೆ!"

ಹಪ್ಪಳವಲ್ಲ, ಪರೀಕ್ಷೆ ಪುಸ್ತಕ ಎಂದು ತಿಳಿದಾಗ ಲಿಂಗಮ್ಮನಿಗೆ ಅಯ್ಯೋ ಪಾಪ ಎನ್ನಿಸಿತು. ಮಾರನೇ ದಿನ ಸೆರಗಿನ ಗಂಟಿನಲ್ಲಿ ಹುರಿದ ಹುಣಸೆಬೀಜ ತಂದುಕೊಟ್ಟಳು. "ಬಾಯಾಗ್ ಆಕ್ಕಂಡ್ ಕಡೀತಿರಿ ಅಕ್ಕಾರೆ. ಬಾಯಿ ಆಡ್ತಿದ್ರೆ ಕಣ್ಣು ಎಂಗ್ ಮುಚ್ಚಾತು? ರಾಗಿ ಕಾವಲಿಗೆ ಓದಾಗ ನಾವು ಇದೇ ಕಡಿಯಾದು."

ಅಂಬುಜಾ ಕಡಿದಳು. ಆ ಶಬ್ದಕ್ಕೆ ಎಚ್ಚರವಾದದ್ದು ಜಗನ್ನಾಥನಿಗೆ. ಅಕ್ಕಿ ಡಬ್ಬಕ್ಕೆ ಹೆಗ್ಗಣ ಬಿದ್ದಿದೆ ಎಂದುಕೊಂಡು ಪೊರಕೆ ಹಿಡಿದು ಬಂದವನು ಹೆಂಡತಿಯನ್ನು ಕಂಡು ತೆಪ್ಪಗಾದ. ಎರಡು ದಿನದಲ್ಲಿ ಅವಳ ದವಡೆ ಊದಿಕೊಂಡಿತು. ಊದಿದ ದವಡೆಗೆ ದಿಂಬು ಹಿತವಾಗಿರುತ್ತದೆ ಎಂದು ಬೇರೆ ಗೊತ್ತಾಯಿತು.

ಇನ್ನು ತನ್ನಿಂದಾಗದು ಎಂದು ಅಂಬುಜಾಳಿಗೆ ಅಳು ಬಂದದ್ದು ಒಂದು ಸಂಜೆ. ಕಣ್ಣೀರಿನ ನಡುವೆಯೂ ತೂಕಡಿಕೆ ಬರುತ್ತಿತ್ತು. ನಿದ್ದೆ ತಡೆಯಲು ಜೋರಾಗಿ ಓದಿ ನೋಡೋಣವೆಂದು ನಡುಮನೆಯಲ್ಲಿ ಕೂತು ಇಂಗ್ಲಿಷಿನ ಒಂದೊಂದು ನಿಯಮವನ್ನೂ ಓದಿ, ಕನ್ನಡದಲ್ಲಿ ತನಗೆ ತಾನೇ ಹೇಳಿಕೊಳ್ಳತೊಡಗಿದಳು. ಪಕ್ಕದಲ್ಲಿ ಸತ್ಯವತಮ್ಮ ದೇವರ ದೀಪಕ್ಕೆ ಹೂಬತ್ತಿ ಹೊಸೆಯುತ್ತಿದ್ದರು.

"ಖಾಯಿಲೆ ಬಿದ್ರೆ... ಅರ್ಧ ಸಂಬಳದ ರಜಾ..." ಅಂಬುಜಾಳ ರೆಪ್ಪೆ ಇಳಿಯುತ್ತಿತ್ತು.

"ಏನಂದೆ?" ಹೂಬತ್ತಿ ನಿಂತಿತು. "ಖಾಯಿಲೆ ಬಿದ್ದೋನಿಗೆ ಅರ್ಧ ಸಂಬಳಾನಾ? ಖಾಯಿಲೆ ಬಿದ್ದಾಗ ತಾನೇ ಖರ್ಚು ಜಾಸ್ತಿ? ಯಾವ ಮುಂಡೇಗಂಡ ಬರೆದ ರೂಲೇ ಇದು?"

ಅಂಬುಜಾಳ ಕಣ್ಣು ತೆರೆಯಿತು. "ಹಾಗಲ್ಲ ಅತ್ತೆ. ಡಾಕ್ಟ್ರು ಸರ್ಟಿಫಿಕೇಟ್ ಕೊಟ್ರೆ ಎರಡು ಅರ್ಧ ಸೇರಿಸಿ ಒಂದು ಪೂರ್ತಿ ಮಾಡ್ಕೋಬಹುದು."

"ಎರಡು ದಿನದ ರಜಾ ತಿಂದು ಒಂದು ದಿನ ಕೊಡ್ತಾರೆ ಅನ್ನು. ಅದೇನು ದೊಡ್ಡ ಉಪಕಾರ?"

"ಉಪಕಾರ ಅಲ್ಲ, ರೂಲು!"

"ರೂಲಂತೆ ರೂಲು. ಸುಡು ತಗೊಂಡುಹೋಗಿ."

ಅಂಬುಜಾಳಿಗೆ ಮೈಯೆಲ್ಲ ಉರಿದುಹೋಯಿತು. ಆ ನಿಯಮವನ್ನು ಅವಳೇ ಬರೆದಿದ್ದಳೇನೋ ಎಂಬಂತೆ ಅದರ ಪರವಾಗಿ ವಾದಿಸಿದಳು. ಮುಂದಿನ ನಿಯಮ ತೆಗೆದಳು, ಅತ್ತೆ ಅದಕ್ಕೂ ತಪ್ಪು ಹುಡುಕಿದರು. ಜಗನ್ನಾಥ ಕಾರ್ಖಾನೆಯಿಂದ ಬಂದು ನೋಡಿದಾಗ ಇಬ್ಬರ ಮುಖವೂ ಕೆಂಪಾಗಿತ್ತು, ಅಡುಗೆಯಾಗಿರಲಿಲ್ಲ, ಹೆಂಡತಿಯ ಕಣ್ಣು ದೀಪದ ಹಾಗೆ ಉರಿಯುತ್ತಿದ್ದವು. ಅವನು ಗಿಡಕ್ಕೆ ನೀರು ಹಾಕಲು ಹೋದ.

ಮಲಗುವ ಮುಂಚೆ ಅಂಬುಜಾಳಿಗೆ ಹೊಳೆಯಿತು: ಈವತ್ತು ರಜೆಯ ಅಧ್ಯಾಯ ಪೂರ್ತಿ ಮುಗಿದಿದೆ. ಒಂದು ಆಕಳಿಕೆಯೂ ಬಂದಿಲ್ಲ.

ಅಂದಿನಿಂದ ಅದೇ ಪಾಠದ ಕ್ರಮವಾಯಿತು. ಬೆಳಗಿನ ಜಾವ ಸತ್ಯವತಮ್ಮ ತರಕಾರಿ ಹೆಚ್ಚುತ್ತ, ಸಂಜೆ ಬತ್ತಿ ಹೊಸೆಯುತ್ತ ಎದುರಿಗೆ ಕೂರುವುದು. ಸೊಸೆ ಓದಿ ಹೇಳುವುದು. ಅತ್ತೆ ಜಗಳ ತೆಗೆಯುವುದು. ಸತ್ಯವತಮ್ಮನವರಿಗೆ ಇಂಗ್ಲಿಷಿನ ಗಂಧವಿರಲಿಲ್ಲ, ಸರ್ಕಾರದ ಗೊಡವೆಯೂ ಇರಲಿಲ್ಲ. ಅವರ ಆಕ್ಷೇಪಣೆಗಳಲ್ಲಿ ಮುಕ್ಕಾಲು ಪಾಲು ತಪ್ಪು. ಆದರೆ ತಪ್ಪು ಮಾತನ್ನು ಅಷ್ಟು ಜೋರಾಗಿ ಹೇಳುವವರ ಎದುರಿಗೆ ಯಾರಿಗೆ ತಾನೇ ನಿದ್ದೆ ಬಂದೀತು?

ಹುದ್ದೆಯ ಮೇಲಿನ ಹಕ್ಕಿನ ಅಧ್ಯಾಯ ಬಂತು. ಬೇರೆ ಊರಿಗೆ ಹೋದರೂ ಮೂಲ ಹುದ್ದೆಯ ಮೇಲಿನ ಹಕ್ಕು ಉಳಿದಿರುತ್ತದೆ ಎಂದು ಅಂಬುಜಾ ವಿವರಿಸಿದಳು.

"ಬಾಣಂತನಕ್ಕೆ ತೌರಿಗೆ ಹೋದೋಳಿಗೆ ಗಂಡನ ಮನೇಲಿ ಜಾಗ ಇರತ್ತಲ್ಲ, ಹಾಗೆ ಅನ್ನು," ಎಂದರು ಅತ್ತೆ.

"ಹೂಂ. ಆದ್ರೆ ಒಂದೇ ಖಾಯಂ ಹುದ್ದೇಗೆ ಒಂದೇ ಸಲ ಇಬ್ಬರನ್ನ ನೇಮಿಸೋ ಹಾಗಿಲ್ಲ."

ಸತ್ಯವತಮ್ಮ ಅಡುಗೆಮನೆಯ ಕಡೆ ಒಂದು ಸಲ ನೋಡಿದರು, ಸೊಸೆಯ ಕಡೆ ಒಂದು ಸಲ ನೋಡಿದರು. "ಇದೊಂದು ಸರಿಯಾಗಿದೆ ನೋಡು," ಎಂದರು.

ಅಕ್ಕಪಕ್ಕದವರಿಗೆ ಮಾತ್ರ ಈ ಮನೆಯಲ್ಲಿ ಅತ್ತೆ ಸೊಸೆ ದಿನಾ ಎರಡು ಹೊತ್ತು ಕಿತ್ತಾಡುತ್ತಾರೆ ಎಂದು ಖಾತ್ರಿಯಾಯಿತು. ಎದುರು ಮನೆಯವರು ಜಗನ್ನಾಥನನ್ನು ಕಂಡಾಗಲೆಲ್ಲ ಭುಜ ತಟ್ಟಿ ಸಮಾಧಾನ ಹೇಳಿ ಹೋಗುತ್ತಿದ್ದರು.

ದಸರೆ ಕಳೆದ ಮೇಲೆ ಒಂದು ಸಂಜೆ ಅಂಬುಜಾ ಹಣಕಾಸಿನ ಔಚಿತ್ಯದ ಸೂತ್ರಗಳಿಗೆ ಬಂದಳು. ಸರ್ಕಾರದ ಹಣ ಖರ್ಚು ಮಾಡುವ ಅಧಿಕಾರಿ ಹೇಗೆ ನಡೆದುಕೊಳ್ಳಬೇಕು ಎಂಬ ನಾಲ್ಕಾರು ಸಾಲು. ಓದುತ್ತ ಓದುತ್ತ ಅವಳ ಧ್ವನಿ ಏರಿತು.

"ಕೇಳಿ ಅತ್ತೆ. ಸ್ವಂತ ದುಡ್ಡು ಖರ್ಚು ಮಾಡೋವಾಗ ಮನುಷ್ಯ ಎಷ್ಟು ಎಚ್ಚರವಾಗಿರ್ತಾನೋ, ತನ್ನದಲ್ಲದ್ದನ್ನ ಖರ್ಚು ಮಾಡೋವಾಗ್ಲೂ ಅಷ್ಟೇ ಎಚ್ಚರವಾಗಿರಬೇಕು."

"ನ್ಯಾಯವಾದ ಮಾತು," ಎಂದರು ಸತ್ಯವತಮ್ಮ. ಅಪರೂಪಕ್ಕೆ ಒಪ್ಪಿಕೊಂಡಿದ್ದರು, ಪಾಪ.

"ಇನ್ನೊಂದು. ಯಾವ ಅಧಿಕಾರೀನೂ ತನಗೇ ಅನುಕೂಲ ಆಗೋ ಅಂಥ ಮಂಜೂರಾತಿ ಕೊಡಬಾರದು."

"ಅದೂ ಸರಿಯೇ."

"ಹಾಗಾದ್ರೆ ಕಾಶೀಲಿ ನೀವೇನು ಮಾಡಿದ್ರಿ?" ಅಂಬುಜಾ ಪುಸ್ತಕ ಮುಚ್ಚಿ ಎದ್ದುನಿಂತಳು. "ನಿಮ್ಮ ಕಾಫಿ ಉಳಿಸ್ಕೊಳ್ಳೋಕೆ ನನ್ನ ಕಾಫಿ ಖರ್ಚು ಮಾಡಿದ್ರಿ. ನಿಮಗೆ ಆ ಅಧಿಕಾರಾನೇ ಇರ್ಲಿಲ್ಲ. ಅಧಿಕಾರ ಇಲ್ದೋರು ಕೊಟ್ಟ ಮಂಜೂರಾತಿ ಊರ್ಜಿತ ಅಲ್ಲ. ನನ್ನ ಕಾಫಿ ಬಿಟ್ಟೇ ಇಲ್ಲ!"

ಮೂರು ತಿಂಗಳಿನಿಂದ ಅವಳು ಹುಡುಕುತ್ತಿದ್ದ ಮಾತು ಅದು.  ಎಂಥೆಂಥ ನಿಯಮಗಳನ್ನು ಜಾಡಿಸಿ ಒಗೆದಿದ್ದ ಸತ್ಯವತಮ್ಮ ಹೂಬತ್ತಿಯ ಬುಟ್ಟಿ ಎತ್ತಿಕೊಂಡು ದೇವರ ಮನೆಗೆ ಹೋದರು. 

ಬೆಳಗ್ಗೆ ಅಂಬುಜಾ ಹಾಡು ಗುನುಗಿಕೊಂಡು ಎದ್ದಳು. ಫಿಲ್ಟರಿಗೆ ಪುಡಿ ಒತ್ತಿ ಕುದಿನೀರು ಹುಯ್ದಳು. ಡಿಕಾಕ್ಷನ್ ತೊಟ್ಟಿಕ್ಕುವ ಸದ್ದು ಕೇಳಿಯೇ ಅವಳಿಗೆ ಅರ್ಧ ಜೀವ ಬಂತು. ಮನೆಯ ಪದ್ಧತಿಯಂತೆ ಮೊದಲ ಲೋಟ ಅತ್ತೆಗೆ. ತಂದು ಎದುರಿಗಿಟ್ಟಳು.

ಸತ್ಯವತಮ್ಮ ಲೋಟವನ್ನು ಪಕ್ಕಕ್ಕೆ ಸರಿಸಿದರು.

"ನಿನ್ನ ಕಾಫಿ ಬಿಡೋಕೆ ನನಗೆ ಅಧಿಕಾರ ಇರ್ಲಿಲ್ಲ, ನಿಜ. ನನ್ನ ಕಾಫಿ ಬಿಡೋಕೆ ಇದೆ ತಾನೇ?"

"ಏನು ಹಾಗಂದ್ರೆ?"

"ಬೆಳಗ್ಗೆ ದೇವರ ಮುಂದೆ ಅದೇ ಗಂಗೆ ನೀರು ಕೈಲಿ ಹಿಡ್ಕೊಂಡು ನಂದನ್ನ ಬಿಟ್ಟೆ. ನೀನು ಪಾಸಾಗಬೇಕು. ವಿಶ್ವನಾಥನ ಹತ್ರ ಸುಳ್ಳು ಲೆಕ್ಕ ಇರಬಾರದು. ನೀನು ಕುಡಿ ಹೋಗೇ, ಆರಿಹೋಗತ್ತೆ."

ಅಂಬುಜಾ ಅಡುಗೆಮನೆಗೆ ಹೋದಳು. ಅವಳ ಲೋಟದಲ್ಲಿ ನೊರೆ ಮೇಲೆದ್ದು ನಿಂತಿತ್ತು. ಈಗ ಅವಳನ್ನು ತಡೆಯುವ ರೂಲು ಭೂಮಿಯ ಮೇಲೆ ಒಂದೂ ಇರಲಿಲ್ಲ. ಗೋಡೆಯಾಚೆ, ಕಾಫಿಗಾಗಿ ಗಂಗೆಯಲ್ಲಿ ನಿಂತು ಸುಳ್ಳು ಹೇಳಿದ ಮುದುಕಿ ಬರಿಗೈಯಲ್ಲಿ ಕೂತಿದ್ದರು. ಕುಡಿಯಲು ಹೇಗೆ ಸಾಧ್ಯ? ಅಂಬುಜಾಳಿಗೆ ಅತ್ತೆಯ ಮೇಲೆ ಕೋಪ ಬಂತು, ಪ್ರೀತಿಯೂ ಬಂತು. ಯಾವುದು ಹೆಚ್ಚು ಎಂದು ಅವಳಿಗೇ ತಿಳಿಯಲಿಲ್ಲ. ಎರಡು ಲೋಟ ಕಾಫಿಯನ್ನೂ ಗಂಡನಿಗೆ ಕೊಟ್ಟಳು. ಜಗನ್ನಾಥ ಕಾರಣ ಕೇಳದೆ ಕುಡಿದು, ಮೂರನೆಯದಾಗಿ ತನ್ನದನ್ನೂ ಕುಡಿದು, ದಿನವಿಡೀ ಕಾರ್ಖಾನೆಯಲ್ಲಿ ಕಂಡಕಂಡವರ ಮೇಲೆ ಹಾರಾಡಿದ.

ಆಮೇಲೆ ಆ ಮನೆಯಲ್ಲಿ ಫಿಲ್ಟರು ಬೋರಲು ಬಿತ್ತು. ಹೆಂಗಸರಿಬ್ಬರೂ ಕುಡಿಯದ ಮನೆಯಲ್ಲಿ ತನ್ನೊಬ್ಬನಿಗೆ ಮಾಡಿಸಿಕೊಳ್ಳಲು ನಾಚಿ ಜಗನ್ನಾಥ ಕಾರ್ಖಾನೆಯ ಕ್ಯಾಂಟೀನನ್ನೇ ನೆಚ್ಚಿಕೊಂಡ. ಹಾಲು ಅರ್ಧಕ್ಕಿಳಿಯಿತು. ಲಿಂಗಮ್ಮ ಗೇಟಿನಲ್ಲೇ ನಿಂತು ತರಾಟೆಗೆ ತೆಗೆದುಕೊಂಡಳು: "ನಿಮ್ಮೆಮ್ಮೆ ಕಾಸಿಗ್ ಓಗಿತ್ತಾ? ಇಲ್ಲ. ಅದ್ಯಾಕ್ ಅದರ ಹಾಲ್ ಬಿಟ್ರಿ?" ನಿಮ್ಮೆಮ್ಮೆ ಎಂದರೆ ಈ ಮನೆಗೆಂದೇ ಅವಳು ಹಾಲು ಕರೆಯುತ್ತಿದ್ದ ಎಮ್ಮೆ.

ಸತ್ಯವತಮ್ಮನವರ ತಲೆನೋವು ಸೊಸೆಯದಕ್ಕಿಂತ ಜೋರು. ಅರವತ್ತು ದಾಟಿದ ತಲೆ, ಐವತ್ತು ವರ್ಷದ ಕಾಫಿ. ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಕೂತರೂ ಪಾಠ ತಪ್ಪಿಸಲಿಲ್ಲ. ಸಿಡುಕು ಸೇರಿ ಅವರ ಆಕ್ಷೇಪಣೆಗಳಿಗೆ ಇನ್ನಷ್ಟು ಮೊನೆ ಬಂತು. ಪ್ರಯಾಣ ಭತ್ಯೆಯ ಅಧ್ಯಾಯದಲ್ಲಿ ಇಡೀ ಭಾರತ ಸರ್ಕಾರವನ್ನು ಜಿಪುಣ ಎಂದರು. ಅಂಬುಜಾಳಿಗೆ ಈಗ ಪಾಸಾಗಲೇಬೇಕು ಎನ್ನಿಸಲು ಕುರ್ಚಿ ಒಂದೇ ಕಾರಣವಾಗಿರಲಿಲ್ಲ. ಅವಳು ಫೇಲಾದರೆ ಈ ಹೆಂಗಸಿನ ಕಾಫಿ ದಂಡವಾಗುತ್ತಿತ್ತು.

ಒಂದೇ ಒಂದು ಅಧ್ಯಾಯದಲ್ಲಿ ಸತ್ಯವತಮ್ಮ ಜಗಳ ತೆಗೆಯಲಿಲ್ಲ. ಅದು ಪಿಂಚಣಿಯದು. ನೌಕರ ಸೇವೆಯಲ್ಲಿರುವಾಗಲೇ ತೀರಿಕೊಂಡರೆ ಹೆಂಡತಿಗೆ ಎಷ್ಟು, ಮಕ್ಕಳಿಗೆ ಎಷ್ಟು ಎಂದು ಅಂಬುಜಾ ಓದುತ್ತ ಹೋದಳು. ಸ್ವಲ್ಪ ಹೊತ್ತಾದ ಮೇಲೆ ಎದುರಿನಿಂದ ಸದ್ದೇ ಇಲ್ಲದ್ದು ಗಮನಕ್ಕೆ ಬಂತು. ಮಾವ ಸ್ಕೂಲ್ ಮೇಷ್ಟರು. ಪಾಠ ಮಾಡುತ್ತಿದ್ದಾಗಲೇ ಕುಸಿದು ಹೋದವರು. ಜಗನ್ನಾಥ ಆಗ ಹೈಸ್ಕೂಲು.

"ಈ ರೂಲು ಯಾವಾಗ ಬಂದಿದ್ದು?" ಎಂದು ಸತ್ಯವತಮ್ಮ ಕೇಳಿದರು.

"ಮಾವ ಹೋದ ಮೇಲೆ ಅತ್ತೆ."

"ಓ." ಅವರು ಒಂದು ಬತ್ತಿ ಹೊಸೆದು ಮುಗಿಸಿದರು. "ಮುಂದಕ್ಕೆ ಓದು."

ಪರೀಕ್ಷೆ ಬಂತು. ವೆಂಕಟಗಿರಿ ಫ್ಲಾಸ್ಕಿನ ತುಂಬ ಕಾಫಿ ತಂದಿದ್ದ. ಗಂಟೆ ಹೊಡೆಯುವ ಮುಂಚೆ ಅಷ್ಟನ್ನೂ ಮುಗಿಸಿದ್ದರಿಂದ ಪ್ರಶ್ನೆಗೊಂದು ಸಲ ಎದ್ದು ಹೊರಗೆ ಹೋಗಬೇಕಾಯಿತು. ಮೇಲ್ವಿಚಾರಕರು ಅವನನ್ನು ಅನುಮಾನದಿಂದ ಹಿಂಬಾಲಿಸಿದರು. ಅಂಬುಜಾ ತಲೆ ಎತ್ತಲಿಲ್ಲ. ಪುಸ್ತಕ ನೋಡದೆ ಬರೆಯಬೇಕಾದ ಪತ್ರಿಕೆಯಲ್ಲಿ ಒಂದೊಂದು ಪ್ರಶ್ನೆ ಓದಿದಾಗಲೂ ಅವಳ ಕಿವಿಯಲ್ಲಿ ಮೊದಲು ಅತ್ತೆಯ ಬೈಗುಳ ಕೇಳಿಸುತ್ತಿತ್ತು, ಅದರ ಹಿಂದೆಯೇ ತಾನು ಕೊಟ್ಟ ಉತ್ತರ ಬರುತ್ತಿತ್ತು. ಅರ್ಧ ಸಂಬಳದ ರಜೆಯ ಬಗ್ಗೆ ಬರೆಯುವಾಗ ಮುಂಡೇಗಂಡ ಎಂಬ ಶಬ್ದ ಪೆನ್ನಿನ ತುದಿಯವರೆಗೂ ಬಂದುಬಿಟ್ಟಿತ್ತು.

ಫಲಿತಾಂಶ ಬಂದದ್ದು ಯುಗಾದಿಯ ಹಿಂದಿನ ವಾರ. ನೋಟೀಸ್ ಬೋರ್ಡಿನ ಮುಂದೆ ನುಗ್ಗಿ ನೋಡಿದವನು ವೆಂಕಟಗಿರಿ. ಅವನ ನಂಬರು ಎಂದಿನಂತೆ ಇರಲಿಲ್ಲ. "ಮೇಡಂ, ನಿಮ್ಮದಿದೆ!" ಎಂದು ಕೂಗಿದ, ಒಳ್ಳೆಯ ಮನುಷ್ಯ, ಅವನ ಕೂಗಿನಲ್ಲಿ ಹೊಟ್ಟೆಕಿಚ್ಚಿರಲಿಲ್ಲ. "ಅದೇನು ಕುಡಿದ್ರಿ ಹೇಳ್ಬಿಡಿ. ನಾಳೆಯಿಂದ ನಾನೂ ಅದನ್ನೇ ಕುಡೀತೀನಿ."

"ಅತ್ತೆ ಬೇಕು," ಎಂದಳು ಅಂಬುಜಾ. ವೆಂಕಟಗಿರಿ ಬ್ರಹ್ಮಚಾರಿ.

ಬಸ್ಸಿಳಿದು ಭಾಷ್ಯಂ ಸರ್ಕಲ್ಲಿನಿಂದ ಮನೆಯವರೆಗೂ ಅವಳು ಓಡಿಕೊಂಡೇ ಬಂದಳು. ದಾರಿಯಲ್ಲಿ ಪುಡಿ ಮಾಡಿಸಿಕೊಳ್ಳಲು ಮಾತ್ರ ನಿಂತಳು. ಸುದ್ದಿ ಕೇಳಿದ ಸತ್ಯವತಮ್ಮ ದೇವರಿಗೆ ದೀಪ ಹಚ್ಚಿ, ಸೊಸೆಯ ಬಾಯಿಗೆ ಸಕ್ಕರೆ ಹಾಕಿದರು. ಹಿಂತಿರುಗುವಷ್ಟರಲ್ಲಿ ಅಡುಗೆಮನೆಯಿಂದ ಪರಿಮಳ ಬಂತು. ಅವರು ಬಾಗಿಲಲ್ಲೇ ನಿಂತುಬಿಟ್ಟರು.

"ಕೂತ್ಕೊಳ್ಳಿ ಅತ್ತೆ," ಎಂದು ಅಂಬುಜಾ ಲೋಟ ತಂದಿಟ್ಟಳು.

"ಬಿಟ್ಟಿದೀನಲ್ಲೇ."

"ತಾತ್ಕಾಲಿಕ ಹುದ್ದೆ ಅಂತ ಓದಿರ್ಲಿಲ್ವಾ? ಒಂದು ಕೆಲಸಕ್ಕೆ ಅಂತ ಮಂಜೂರಾದ ಹುದ್ದೆ, ಆ ಕೆಲಸ ಮುಗಿದ ಮೇಲೆ ಉಳಿಯಲ್ಲ. ನೀವು ಬಿಟ್ಟಿದ್ದು ನಾನು ಪಾಸಾಗ್ಲಿ ಅಂತ. ಪಾಸಾದೆ. ಆ ಹರಕೆ ಈವತ್ತಿಗೆ ರದ್ದು."

ಸತ್ಯವತಮ್ಮ ಸೊಸೆಯ ಮುಖವನ್ನೇ ನೋಡಿದರು. "ಪುಸ್ತಕದಲ್ಲಿದೆಯೋ, ನೀನೇ ಕಟ್ಟಿದ್ದೋ?"

"ಪುಸ್ತಕದಲ್ಲಿದೆ. ತಂದು ತೋರಿಸ್ಲಾ? ಇಂಗ್ಲಿಷಲ್ಲಿದೆ."

"ಬೇಡ ಬಿಡು. ಪಾಸಾದೋಳು ನೀನು." ಅವರು ಲೋಟ ಎತ್ತಿದರು.  ಮೂಗಿನ ಹತ್ತಿರ ಸ್ವಲ್ಪ ಹೊತ್ತು ಹಿಡಿದುಕೊಂಡು, ಕಣ್ಣು ಮುಚ್ಚಿ ಒಂದು ಗುಟುಕು ಕುಡಿದರು. ಅಂಬುಜಾಳ ಕಣ್ಣಲ್ಲಿ ನೀರು ತುಂಬಿತು.

"ಡಿಕಾಕ್ಷನ್ ತೆಳು," ಎಂದರು ಸತ್ಯವತಮ್ಮ. ಲೋಟ ಖಾಲಿಯಾಗುವವರೆಗೂ ಮತ್ತೆ ಕೆಳಗಿಡಲಿಲ್ಲ.

ಕೈ ಇರುವ ಕುರ್ಚಿ ಆಮೇಲೆ ಬಂತು. ಮೊದಲ ದಿನ ಅದರಲ್ಲಿ ಕೂತು ಬಂದ ಸಂಜೆ ಅಂಬುಜಾ ಕಾಫಿ ಕುಡಿದು, ಮಾಡಲು ಏನೂ ಕೆಲಸವಿಲ್ಲದೆ ನಡುಮನೆಯಲ್ಲಿ ಸುಮ್ಮನೆ ಕೂತಿದ್ದಳು. ಹೂಬತ್ತಿಯ ಬುಟ್ಟಿ ಹಿಡಿದು ಸತ್ಯವತಮ್ಮ ಬಂದರು. ಎಂದಿನ ಜಾಗದಲ್ಲಿ ಕೂತು ಹತ್ತಿ ಬಿಡಿಸಿದರು. ಒಂದೆರಡು ಸಲ ಕೆಮ್ಮಿದರು.

"ಏನಾದ್ರೂ ಓದೇ."

"ಪರೀಕ್ಷೆ ಮುಗೀತಲ್ಲ ಅತ್ತೆ."

"ನಿಂದು ಮುಗೀತು." ಸತ್ಯವತಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. "ಆ ಪಿಂಚಣಿ ಅಧ್ಯಾಯ ತೆಗಿ. ಆವತ್ತು ನಾನು ಸುಮ್ಮನಿದ್ದೆ."